ಕೆಲಸವಿಲ್ಲದ ಕಡಲು

ಈದ್ ರಜೆ ಎರಡು ದಿನ ಸಿಕ್ಕಿತೆಂದು
ಉಮ್ಮುಲ್ ಕುವೈನಿನಲ್ಲಿ ಒಂದು ಕೋಣೆ ಹಿಡಿದೆವು.
ಅಜ್ಮಾನಿನಿಂದ ಅರ್ಧ ಗಂಟೆಯ ದಾರಿ. ಅಷ್ಟಕ್ಕೇ ನಾನು
ನಾಲ್ಕು ಚೂಡಿದಾರ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ,
ಇಸ್ತ್ರಿಪೆಟ್ಟಿಗೆ ಕೂಡ ತುಂಬಿಕೊಂಡಿದ್ದೆ.
"ಇಸ್ತ್ರಿ ಯಾರಿಗೆ, ಏಡಿಗಳಿಗಾ?" ಎಂದರು ಇವರು.

ಬಾಗಿಲು ತೆರೆದರೆ ಮರಳು, ಮರಳು ದಾಟಿದರೆ ನೀರು.
ಅಲೆಯೇ ಇಲ್ಲ ಮಾರಾಯ್ರೆ!
ಆರಿದ ಗಂಜಿಯ ಮೇಲಿನ ಕೆನೆ ಹಾಗೆ
ಒಂದಿಷ್ಟು ಸುಕ್ಕು, ಅಷ್ಟೆ.
ಮೊಣಕಾಲು ಮುಳುಗಬೇಕಾದರೆ ನೂರು ಹೆಜ್ಜೆ ಎಂದರು ಯಾರೋ.
ನಡೆದೆ. ಎಣಿಸಿದೆ. ನೂರಾ ಹನ್ನೆರಡು.

ನನಗೆ ಗೊತ್ತಿದ್ದ ಕಡಲು ಬಾಯಿ ಮುಚ್ಚಿದ್ದೇ ಇಲ್ಲ.
ದೋಣಿ ಬಂತು ಓಡು, ಬುಟ್ಟಿ ತಾ, ಐಸು ಎಲ್ಲಿ,
ಬೂತಾಯಿಗೆ ಇವತ್ತು ಎಷ್ಟು, ಹೇಳು ಬೇಗ.
ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಬೆಳೆದವಳು
ಒಂದು ದಿನ ಅದರೆದುರು ಕೂತವಳಲ್ಲ.
ನಿಂತಿದ್ದೆ. ತಲೆಯಿಂದ ಮೀನುನೀರು
ಕಿವಿಯ ಹಿಂದೆ ಇಳಿಯುತ್ತಿತ್ತು.

ಈಗ ಉದ್ದ ಕುರ್ಚಿ. ಬಾಡಿಗೆ ಇಪ್ಪತ್ತು ದಿರ್ಹಮ್.
ನೇಪಾಳದ ಹುಡುಗ ಟವೆಲು ಹಾಸಿ ಕೇಳಿದ,
ಏನು ಬೇಕು ಮೇಡಂ?
ಏನೂ ಬೇಡ, ಎಂದೆ.
ಹೇಳಿದ ಮೇಲೆ ನಾಲಿಗೆಯಲ್ಲಿ ಆ ಮಾತನ್ನು
ಮತ್ತೊಮ್ಮೆ ಹೊರಳಿಸಿ ನೋಡಿದೆ, ಕಲ್ಲುಸಕ್ಕರೆಯ ಹಾಗೆ.

ಇವರಿಗೆ ಮಾತ್ರ ಕುರ್ಚಿ ಹಿಡಿಸಲಿಲ್ಲ.
ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ದೇಜಪ್ಪ ತಿಂಗಳಾಯರು
ಕಾಲು ಚಾಚುತ್ತಾರೆ, ಮಡಚುತ್ತಾರೆ,
ಛತ್ರಿಯ ಮೊಳೆ ಸಡಿಲವಾಗಿದೆ ಎನ್ನುತ್ತಾರೆ.
ಅಷ್ಟರಲ್ಲಿ ಆಚೆ ಕಾಂಡ್ಲಾ ಗಿಡಗಳ ಬುಡದಲ್ಲಿ
ಬಾಂಗ್ಲಾದ ಮೊತಾಲೆಬ್ ಸಿಕ್ಕುಬಿದ್ದ ಬಲೆಯ ಜತೆ ಜಗಳಾಡುತ್ತಿದ್ದ.
"ಸುಮ್ಮನೆ ನೋಡಿ ಬರ್ತೇನೆ" ಎಂದು ಹೋದವರು
ಮೂರು ಗಂಟೆ ಬರಲಿಲ್ಲ.

ದೂರದಿಂದ ಕಾಣುತ್ತಿತ್ತು: ಇಬ್ಬರಿಗೂ ಬಾರದ ಹಿಂದಿ,
ನಡುವೆ ಹರಡಿದ ಬಲೆ,
ಹೆಬ್ಬೆರಳಿಗೆ ನೂಲು ಸುತ್ತಿ, ಹಲ್ಲಲ್ಲಿ ಕಚ್ಚಿ
ಇವರು ಗಂಟು ಹಾಕುತ್ತಿದ್ದ ರೀತಿ.
ಹದಿನೈದು ವರ್ಷದಿಂದ ನಾನು ನೋಡಿರದ ಭುಜ ಅದು,
ಇಳಿದ ಭುಜ.
ಇವರ ರಜೆ ಅಲ್ಲಿತ್ತು. ಇರಲಿ ಬಿಡಿ ಅಂದುಕೊಂಡೆ.

ಅವರ ಹಿಂದೆ ಕೆಸರಿನಲ್ಲಿ ರಾಜಹಂಸಗಳು,
ಏಳೋ ಎಂಟೋ, ತೊಳೆದು ತೊಳೆದು
ಬಣ್ಣ ಮಾಸಿದ ಗುಲಾಬಿ ರವಿಕೆಗಳ ಹಾಗೆ,
ಒಂದೊಂದೇ ಕಾಲಲ್ಲಿ ನಿಂತು.

ಸಂಜೆ ಸೂರ್ಯ ನೀರಿಗೇ ಇಳಿದ. ನಮ್ಮಲ್ಲೂ ಹಾಗೇ.
ಚಿಕ್ಕವಳಿದ್ದಾಗ ಅತ್ತ ಬೆರಳು ತೋರಿಸಿ
ಅದರಾಚೆ ದುಬೈ, ಎನ್ನುತ್ತಿದ್ದರು.
ಇಲ್ಲಿ ಅದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದೇನೆ;
ಇದರಾಚೆ ಇರಾನಂತೆ. ಊರು ಬೆನ್ನಿನ ಕಡೆಗೆ.
ತಿರುಗಿ ನೋಡಬೇಕೆನಿಸಿತು, ಸ್ವಲ್ಪ.
ಆದರೆ ಕುರ್ಚಿ ಚೆನ್ನಾಗಿತ್ತು.

ಕತ್ತಲಾದ ಮೇಲೆ ಇವರು ಬಂದರು,
ಕೈಯಲ್ಲಿ ಮೊಳ ಉದ್ದದ ಕನದ್.
ಕನದ್ ಎಂದರೆ ಅಂಜಲ್, ಹೆಸರು ಮಾತ್ರ ಬೇರೆ.
ಮೊತಾಲೆಬ್ ದುಡ್ಡು ಮುಟ್ಟಲಿಲ್ಲವಂತೆ.
ನನ್ನ ಕಡೆ ನೋಡಿದರು. ಮೀನಿನ ಕಡೆ ನೋಡಿದರು.
ನಾನು ಕಣ್ಣು ಮುಚ್ಚಿಕೊಂಡೆ.
ಸ್ವಲ್ಪ ಹೊತ್ತಿಗೆ ಹೊರಗಿನ ನಲ್ಲಿಯ ಸದ್ದು,
ನೇಪಾಳದ ಹುಡುಗನ ನಗು, ಇದ್ದಿಲಿನ ಹೊಗೆ.

ಮರುದಿನ ಬೆಳಿಗ್ಗೆ ನೀರು ಇನ್ನೂ ದೂರ ಸರಿದಿತ್ತು.
ಮತ್ತೆ ಎಣಿಸುತ್ತ ಹೊರಟೆ;
ಎಂಬತ್ತರ ಸುಮಾರಿಗೆ ಒಂದು ಏಡಿ ಅಡ್ಡ ಬಂತು,
ಲೆಕ್ಕ ತಪ್ಪಿತು.
ಮೊದಲಿಂದ ಶುರುಮಾಡಲಿಲ್ಲ.